ಪುಟ್ಟ ಕಲ್ಲಿನ ಮೇಲೆ ನಿಂತ ದೊಡ್ಡ ಬಂಡೆ

ಭೂಮಿಗೆ ಇನ್ನೂ ಎಳೆ ಬಿಸಿಲು ಬೀಳುತ್ತಿದ್ದ ಕಾಲ. ಆಗ ಕಲ್ಲುಗಳು ಕೂತಲ್ಲಿ ಕೂರುತ್ತಿರಲಿಲ್ಲ. ನಗಬೇಡಿ, ನಿಜವಾಗಿಯೂ ಹೇಳುತ್ತಿದ್ದೇನೆ! ಹೊಳೆ ಹೇಗಿದೆ ನೋಡೋಣ, ನವಿಲು ಹೇಗೆ ಕುಣಿಯುತ್ತದೆ ನೋಡೋಣ ಎಂದು ಗುಡ್ಡದಿಂದ ಗುಡ್ಡಕ್ಕೆ ಉರುಳುತ್ತಾ ಹೊರಟುಬಿಡುತ್ತಿದ್ದವು. ಊರು ನೋಡುವುದೊಂದೇ ಅವಕ್ಕೆ ಹುಚ್ಚು. ಮನುಷ್ಯರು ಕಂಡರೆ ಮಾತ್ರ ನಾಚಿಕೊಂಡು ತೆಪ್ಪಗೆ ಬಿದ್ದಿರುತ್ತಿದ್ದವು.

ಹಾಗಾಗಿ ಕುರಿ ಕಾಯುವ ಹಾಲವ್ವನಿಗೆ ಇದೆಲ್ಲ ಗೊತ್ತೇ ಇರಲಿಲ್ಲ. ಒಂದು ಸಂಜೆ ಅವಳು ಗುಡ್ಡದ ಬುಡದಲ್ಲಿ ಬೀಡುಬಿಟ್ಟಳು. ಕೂಸನ್ನು ಕಂಬಳಿಯ ಮೇಲೆ ಮಲಗಿಸಿ, ಅಲ್ಲೇ ಬಿದ್ದಿದ್ದ ಮೂರು ಕಲ್ಲು ಹೂಡಿ, ಬೆಂಕಿ ಹಚ್ಚಿ, ನುಚ್ಚಿಗೆ ಎಸರಿಟ್ಟಳು.

“ಯವ್ವಾ! ಸುಡಾಕತ್ತೈತಿ!”

ಹಾಲವ್ವ ಬೆಚ್ಚಿ ಎದ್ದಳು. ಕೂಸಿನ ಕಡೆ ಓಡಿದಳು. ಕೂಸು ಗಾಢ ನಿದ್ದೆಯಲ್ಲಿತ್ತು. “ಯವ್ವಾ!” ಮತ್ತೆ ಕೂಗು. ಕೂಗಿದ್ದು ಒಲೆಯ ಒಂದು ಪುಟ್ಟ ಕಲ್ಲು!

“ಅಯ್ಯೋ ಶಿವನೇ, ಕಲ್ಲು ಮಾತಾಡ್ತೈತಲ್ಲ!” ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ತಾಯಿ ಕರುಳು ನೋಡಿ. ಗಡಿಗೆ ಇಳಿಸಿ ಕೆಂಡ ಸರಿಸಿದಳು. ಮಕ್ಕಳ ಕೈ ಸುಟ್ಟರೆ ತಣ್ಣೀರು ಹಾಕುವುದು ಅವಳ ರೂಢಿ. ಇಲ್ಲೂ ಹಾಗೇ ಕೊಡದ ನೀರನ್ನೆಲ್ಲ ಸುರಿದಳು.

ಚಟಾರ್! ಕಾದ ಕಲ್ಲು ಬಿರುಕು ಬಿಟ್ಟಿತು.

ಗಾಳಿ ಕಿರುಚಿತು: “ಹಾಲವ್ವಾ, ಏನ ಮಾಡಿದಿ! ಅದು ಬಂಡೆಯ ಕೂಸು! ಕುರಿಮರಿ ನೋಡೋ ಆಸೆಗೆ ಅವ್ವನ್ನ ಬಿಟ್ಟು ಬಂದಿತ್ತು. ಮ್ಯಾಲೆ ನೋಡು!”

ಗುಡ್ಡದ ತುದಿಯಿಂದ ಆನೆಗಾತ್ರದ ತಾಯಿ ಬಂಡೆ ಉರುಳಿ ಬರುತ್ತಿತ್ತು. “ನನ್ನ ಕೂಸನ್ನ ಸುಟ್ಟೀ? ಒಡದೀ? ನಿನ್ನ ಕೂಸನ್ನ ಉಳಸ್ತೀನೇನು!” ಗಿಡಮರ ಮುರಿದವು. ಕುರಿಗಳು ದಿಕ್ಕಾಪಾಲಾದವು. ಕೂಸು ಮಲಗಿದ್ದ ಕಂಬಳಿ ಸರಿಯಾಗಿ ಅದರ ದಾರಿಯಲ್ಲೇ ಇತ್ತು.

ಹಾಲವ್ವ ಕೂಸಿನ ಕಡೆ ಓಡಲು ನೋಡಿದಳು, ಬೆದರಿದ ಕುರಿಗಳು ಅಡ್ಡ ನುಗ್ಗಿದವು. “ತಪ್ಪಾತು ತಾಯೀ! ನನಗ ಗೊತ್ತಿರಲಿಲ್ಲ!” ಎಂದು ಅರಚಿದಳು. ಬಂಡೆಯ ಕಿವಿಗೆ ಅದು ಬೀಳಲಿಲ್ಲ.

ಪುಟ್ಟ ಕಲ್ಲಿಗೆ ಕೇಳಿಸಿತು. ಬಿರುಕು ಬಿಟ್ಟ ಮೈಯನ್ನೇ ಎಳೆದುಕೊಂಡು ಉರುಳಿ, ಕಂಬಳಿಗೆ ಅಡ್ಡ ನಿಂತಿತು. “ಬ್ಯಾಡ ಯವ್ವಾ! ಆಕಿ ನನ್ನ ಉರಿ ಆರಸಾಕ ಬಂದಿದ್ಲು!”

ತಾಯಿ ಬಂಡೆ ದಾರಿಗಡ್ಡ ನಿಂತ ತನ್ನ ಕೂಸನ್ನು ಕಂಡಿತು. ಅಬ್ಬಬ್ಬಾ, ಆ ರಭಸದಲ್ಲಿ ನಿಲ್ಲುವುದೆಂದರೆ ಸುಮ್ಮನೆಯೇ? ಉಸಿರು ಬಿಗಿಹಿಡಿದು, ಮೈ ಹಗುರ ಮಾಡಿಕೊಂಡು, ಆ ಪುಟ್ಟ ಕಲ್ಲಿನ ಮೇಲೇರಿ ಅಲ್ಲೇ ಗಕ್ಕನೆ ನಿಂತುಬಿಟ್ಟಿತು.

ಹಾಲವ್ವ ಕೂಸನ್ನು ಬಾಚಿ ಎದೆಗವಚಿಕೊಂಡಳು. ತಿರುಗುತ್ತಿದ್ದ ಕಲ್ಲುಗಳೆಲ್ಲ ಇದನ್ನು ಕಂಡು ಹೌಹಾರಿ, ಇದ್ದಲ್ಲೇ ಸ್ತಬ್ಧವಾದವು, ಮತ್ತೆಂದೂ ಉರುಳಲಿಲ್ಲ.

“ಕೆಳಗ ಇಳಿ ಯವ್ವಾ,” ಅಂದಿತು ಪುಟ್ಟ ಕಲ್ಲು.

“ನಾ ಅಲುಗಿದರ ನೀ ಪುಡಿಪುಡಿ ಆಗ್ತಿ ಕಂದಾ. ನಾ ಅಲುಗಂಗಿಲ್ಲ,” ಅಂದಿತು ತಾಯಿ.

ಇವತ್ತು ಜನ ಗಾಡಿ ಮಾಡಿಕೊಂಡು ದೂರದಿಂದ ಬರುತ್ತಾರೆ, ಬಿರುಕು ಬಿಟ್ಟ ಪುಟ್ಟ ಕಲ್ಲಿನ ಮೇಲೆ ಇಷ್ಟು ದೊಡ್ಡ ಬಂಡೆ ಹೇಗೆ ನಿಂತಿದೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಭುಜ ಕೊಟ್ಟು ತಳ್ಳುತ್ತಾರೆ. ಅದು ಮಾತ್ರ ಅಲುಗುವುದಿಲ್ಲ, ಯಾಕೆಂದರೆ ಕೆಳಗೆ ಅದರ ಕೂಸಿದೆ.