ಕೈ ಎತ್ತದ ನೇಕಾರ

“ಗುರುಗಳೇ, ಬಡ ದೇಶ ಮೊದಲು ಹೊಟ್ಟೆಪಾಡು ನೋಡಿಕೊಳ್ಳಬೇಕಲ್ಲವೇ? ಈಗ ಕಲ್ಲಿದ್ದಲು ಸುಟ್ಟಾದರೂ ವಿದ್ಯುತ್ ಮಾಡಲಿ, ಚೇತರಿಸಿಕೊಂಡ ಮೇಲೆ ಗಾಳಿಯನ್ನು ಶುದ್ಧ ಮಾಡಿಕೊಳ್ಳಲಿ. ಇದರಲ್ಲಿ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ದಿನವಿಡೀ ಕೈಮಗ್ಗದಲ್ಲಿ ಕುಳಿತರೂ ಎರಡು ಹೊತ್ತಿನ ಊಟಕ್ಕೆ ತತ್ವಾರ. ಊರ ಪಕ್ಕದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬಂತು. ನೇಕಾರ ವಿದ್ಯುತ್ ಮಗ್ಗ ಹಾಕಿದ. ಒಂದು ಮಗ್ಗ ನಾಲ್ಕಾಯಿತು, ಮಕ್ಕಳು ಶಾಲೆ ಕಂಡರು. ಸ್ಥಾವರವನ್ನು ಬೈಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಸಿಟ್ಟು ಸುಳ್ಳಲ್ಲ. ಹಸಿವು ಕಂಡವನು ಅವನು.

ಗಂಜಿ ಹಾಕಿದ ನೂಲನ್ನು ಬೆಳಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸುವುದು ಆ ಊರಿನ ರೂಢಿ. ಹಸಿ ಗಂಜಿಗೆ ಚಿಮಣಿಯ ಬೂದಿ ಬಂದು ಅಂಟತೊಡಗಿತು. ಬಟ್ಟೆ ಮಾಸಬಾರದಲ್ಲ! ನೇಕಾರನ ಹೆಂಡತಿ ಕುಂಚ ಹಿಡಿದು, ಮುಖ ನೂಲಿಗೆ ತಾಗುವಷ್ಟು ಬಗ್ಗಿ, ಎಳೆ ಎಳೆಯ ಬೂದಿಯನ್ನೂ ಕೊಡವಿದಳು. ಹನ್ನೆರಡು ವರ್ಷ ಕೊಡವಿದಳು. ನೂಲು ಬೆಳ್ಳಗೇ ಉಳಿಯಿತು.

ಚಿಮಣಿಗೆ ಬೂದಿ ಹಿಡಿಯುವ ಸಾಧನ ಕೂರಿಸಲು ಸ್ಥಾವರದವರು ಒಪ್ಪಿದ್ದರು. ಅದಕ್ಕೆ ಆರು ತಿಂಗಳು ವಿದ್ಯುತ್ ನಿಲ್ಲಬೇಕು. ಊರು ಹೂಂ ಅನ್ನಬೇಕು. ನೇಕಾರರ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರೆ ಮಾತ್ರ ತೀರ್ಮಾನ, ಒಂದು ಕೈ ಕೆಳಗಿದ್ದರೂ ಮಾತು ಮುಂದಿನ ವರ್ಷಕ್ಕೆ. ಪ್ರತಿ ವರ್ಷವೂ ಈ ನೇಕಾರನ ಕೈ ಕೆಳಗೇ ಇರುತ್ತಿತ್ತು.

“ಕೆಮ್ಮು ಬಿಡವಲ್ದ್ರಿ, ನಾಕು ಹೆಜ್ಜಿ ನಡದ್ರ ದಮ್ಮು ಹತ್ತತೈತಿ. ಈ ವರ್ಷ ಹೂಂ ಅನ್ರಿ,” ಎಂದು ಹೆಂಡತಿ ಬೇಡಿಕೊಂಡಳು.

“ಲಗ್ನದ ಹಂಗಾಮು ಮುಗೀಲಿ, ಮುಂದಿನ ವರ್ಷ ನೋಡೂಣು,” ಎಂದ ನೇಕಾರ. ಪಾಪಿ, ಅವಳ ಮೇಲೆ ಪ್ರೀತಿ ಇಲ್ಲದವನೇನಲ್ಲ.

ಮುಂದಿನ ವರ್ಷದ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಸ್ಪತ್ರೆಯಿಂದ ತಂದ ಆಮ್ಲಜನಕದ ಯಂತ್ರ. ಬೇರೆ ಊರಿಗೆ ಸಾಗಿಸಿದರೆ ದಾರಿಯಲ್ಲೇ ಜೀವ ಹೋದೀತು ಎಂದರು ವೈದ್ಯರು. ಯಂತ್ರ ನಡೆಯುತ್ತಿದ್ದುದು ಅದೇ ಸ್ಥಾವರದ ವಿದ್ಯುತ್ತಿನಿಂದ.

ಆ ವರ್ಷ ಸಭೆಯಲ್ಲಿ ಉಳಿದೆಲ್ಲರ ಕೈಗಳೂ ಮೇಲೆದ್ದವು. ಎಲ್ಲರೂ ಅವನತ್ತ ನೋಡಿದರು. ಅವನು ಕೈ ಎತ್ತಿದರೆ ಮನೆಯಲ್ಲಿ ಯಂತ್ರ ನಿಲ್ಲುತ್ತದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವನು ಗಳಗಳನೆ ಅತ್ತ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಅವನು ಕೊನೆಗೂ ಕೈ ಎತ್ತಲೇ ಇಲ್ಲವೇ?”

“ಮರುವರ್ಷ ಎಲ್ಲರಿಗಿಂತ ಮೊದಲು ಎತ್ತಿದ, ಅಷ್ಟರಲ್ಲಿ ಯಂತ್ರವನ್ನು ಆಸ್ಪತ್ರೆಗೆ ಹಿಂದಿರುಗಿಸಿ ಆಗಿತ್ತು.”