ಹೊರಮೈ ಸುಡದ ಒಲೆ

ದಾನೇಶ್ವರಿಯ ಒಲೆ ಧಗಧಗ ಉರಿಯುತ್ತಿರುವಾಗಲೂ ಅದರ ಹೊರಮೈಯನ್ನು ಅಂಗೈಯಿಂದ ಮುಟ್ಟಬಹುದಿತ್ತು. ಕೈ ಸುಡುತ್ತಿರಲಿಲ್ಲ. ಅದೇ ಅವಳ ಹೆಮ್ಮೆ. ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ ಈ ಹುಡುಗಿ, ಎರಡು ತಗಡುಗಳ ನಡುವೆ ಬೂದಿ ತುಂಬಿ, ಒಳಗಿನ ಬಿಸಿ ಒಂದಿಷ್ಟೂ ಆಚೆ ಸೋರದ ಹಾಗೆ ಒಲೆ ಕಟ್ಟಿದ್ದಳು. ಯಾರು ಪ್ರಯೋಗಶಾಲೆಗೆ ಬಂದರೂ ಅವರ ಕೈ ಹಿಡಿದು ಒಲೆಗೆ ಮುಟ್ಟಿಸುವಳು. ಪ್ರಿನ್ಸಿಪಾಲರ ಕೈಯನ್ನೂ ಬಿಟ್ಟಿರಲಿಲ್ಲ.

"ಸೋರಿದ ಬಿಸಿ ಹಾಳಾದ ಬಿಸಿ" ಎಂದು ಅವಳ ಮೇಷ್ಟ್ರು ಅಂಗಡಿ ಸರ್ ಪಾಠ ಮಾಡಿದ್ದರು. ಪುಸ್ತಕದಲ್ಲೂ ಹಾಗೇ ಇತ್ತು. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಪೂರ್ತಿ ಅಂಕ ಬಂದಿತ್ತು. ಆ ಹಾಳಾಗುವ ಬಿಸಿಯನ್ನೆಲ್ಲ ಹಿಡಿದಿಟ್ಟುಕೊಂಡ ದಾನೇಶ್ವರಿಯ ಒಲೆಗೆ ಹಳೆಯ ಒಲೆಯ ಅರ್ಧದಷ್ಟು ಕಟ್ಟಿಗೆ ಸಾಕಾಗುತ್ತಿತ್ತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು.

ಒಲೆಯನ್ನು ಪರೀಕ್ಷೆಗೆ ಇಡಲು ಅವಳು ಆರಿಸಿಕೊಂಡದ್ದು ಕೆಂಪಿನಾಳದ ರೊಟ್ಟಿ ಕೇಂದ್ರವನ್ನು. ಅಲ್ಲಿ ಹನ್ನೆರಡು ಮಂದಿ ಹೆಣ್ಣುಮಕ್ಕಳು ಸೇರಿ ಜೋಳದ ಖಡಕ್ ರೊಟ್ಟಿ ಮಾಡಿ ಊರೂರಿಗೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಕೆಡದ, ಮುರಿದರೆ ಹಪ್ಪಳದಂತೆ ಸದ್ದು ಮಾಡುವ ರೊಟ್ಟಿ. ಹೊಗೆಗೆ ಅವರ ಕಣ್ಣು ಸದಾ ಕೆಂಪು. ಕೇಂದ್ರದ ಹಿರಿಯಳು ಬಂಗಾರೆವ್ವ ಮಾತಾಡುವಾಗ ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿಯೇ ದಾನೇಶ್ವರಿ ಈ ಒಲೆಯ ಕೆಲಸಕ್ಕೆ ಕೈಹಾಕಿದ್ದು. ಹುಡುಗಿಯ ಮನಸ್ಸು ಒಳ್ಳೆಯದು. ಅದರ ಬಗ್ಗೆ ನನಗೆ ತಕರಾರಿಲ್ಲ.

ಆರು ಹೊಸ ಒಲೆ ಕೊಟ್ಟು ತಿಂಗಳಾಯಿತು. ಕಾಲೇಜು ಬಿಟ್ಟ ಮೇಲೆ ಸಂಜೆ ನಾಲ್ಕೂವರೆಯ ಬಸ್ಸಿಗೆ ಅವಳು ಕೆಂಪಿನಾಳಕ್ಕೆ ಹೋಗುವಳು. ಅಷ್ಟೊತ್ತಿಗೆ ರೊಟ್ಟಿ ಕೆಲಸ ಮುಗಿದು ಹೊಸ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. ದಾನೇಶ್ವರಿ ಪಟ್ಟಿ ತೆಗೆದು ಕೇಳುವಳು.

"ಒಲಿ ಹೆಂಗೈತ್ರಿ ಆಯಿ?"

"ಚೊಲೊ ಐತಿ ನನ್ನವ್ವ. ಚಹಾ ಕುಡಿ."

"ಹೊಸ ಒಲಿಗೆ ಇವತ್ತ ಎಷ್ಟ ಕಟ್ಟಿಗಿ ಹಾಕೀರಿ?"

ಬಂಗಾರೆವ್ವ ತೂಗಿ ಇಟ್ಟ ಲೆಕ್ಕ ಹೇಳುವಳು. ಅದು ಅರ್ಧಕ್ಕಿಂತ ಕಡಿಮೆಯೇ ಇರುತ್ತಿತ್ತು. ಹನ್ನೆರಡು ಮಂದಿ, ತಿಂಗಳಿಡೀ "ಚೊಲೊ ಐತಿ". ದಾನೇಶ್ವರಿಯ ಕಾಲು ನೆಲದ ಮೇಲಿರಲಿಲ್ಲ.

ಕಾಲೇಜಿನ ವರದಿ ಜಿಲ್ಲೆಯ ಇಂಧನ ಸಮಿತಿಗೆ ಹೋಯಿತು. ಅಲ್ಲಿಂದ ಅಧಿಕಾರಿ ನದಾಫ್ ಸಾಹೇಬರು ತಾವೇ ಬಂದು ನೋಡುತ್ತಾರೆಂದು ಗೊತ್ತಾಯಿತು. ಅವರು ಸಹಿ ಹಾಕಿದರೆ ಮುನ್ನೂರು ಊರುಗಳ ರೊಟ್ಟಿ ಕೇಂದ್ರಗಳಿಗೆ ಇದೇ ಒಲೆ. ಹಾಕದಿದ್ದರೆ ಆ ವರ್ಷದ ಯೋಜನೆ ಇನ್ನೊಂದು ಕಾಲೇಜಿನ ಪಾಲು. ದಾನೇಶ್ವರಿಯ ಓದು ಮುಗಿಯುತ್ತಿತ್ತು. ಮುಂದಿನ ವರ್ಷ ಎಂಬುದು ಅವಳಿಗೆ ಇರಲಿಲ್ಲ.

ಸಾಹೇಬರು ಬರುವ ದಿನ ಅವಳಿಗೆ ತಡೆಯಲಾಗಲಿಲ್ಲ. ಹನ್ನೊಂದಕ್ಕೆ ಬರುವವರಿಗೆ ಇವಳು ಬೆಳಗಿನ ಏಳಕ್ಕೇ ಕೆಂಪಿನಾಳದಲ್ಲಿ ಇಳಿದಳು. ಕೇಂದ್ರದ ಮುಂದೆ ರಂಗೋಲಿ ಹಾಕಬೇಕು, ಒಲೆಗಳನ್ನು ಒರೆಸಿ ಫಳಫಳ ಹೊಳೆಸಬೇಕು ಎಂದೆಲ್ಲ ಲೆಕ್ಕ ಹಾಕುತ್ತ ಒಳಗೆ ಹೋದರೆ ಆರೂ ಹೊಸ ಒಲೆಗಳು ತಣ್ಣಗೆ ಕೂತಿದ್ದವು. ಜನ ಯಾರೂ ಇಲ್ಲ. ಆದರೆ ರೊಟ್ಟಿ ಬಡಿಯುವ ಪಟಪಟ ಸದ್ದು ಮಾತ್ರ ಹಿತ್ತಲಿಂದ ಚೆನ್ನಾಗಿಯೇ ಕೇಳುತ್ತಿತ್ತು.

ಹಿತ್ತಲಿಗೆ ಹೋದಳು. ಹಳೆಯ ಮಣ್ಣಿನ ಒಲೆಗಳು ಸಾಲಾಗಿ ಉರಿಯುತ್ತಿದ್ದವು. ಹೊಗೆಯೋ ಹೊಗೆ. ಹೆಂಚಿನ ಮೇಲೆ ಬೆಂದ ರೊಟ್ಟಿಯನ್ನು ಬಂಗಾರೆವ್ವ ಒಲೆಯ ಬಾಯಿಯ ಮುಂದೆ ಒರಗಿಸಿ ನಿಲ್ಲಿಸುತ್ತಿದ್ದಳು. ಬಾಯಿಂದ ಆಚೆ ಹೊಮ್ಮುವ ಕಾವಿಗೆ ರೊಟ್ಟಿ ನಿಧಾನವಾಗಿ ನೀರಾರಿ ಗಟ್ಟಿಯಾಗುತ್ತಿತ್ತು. ಖಡಕ್ ಆಗುವುದು ಅಂದರೆ ಅದೇ.

ಮಕ್ಕಳೇ, ದಾನೇಶ್ವರಿ ಹುಟ್ಟಿದಾಗಿನಿಂದ ಖಡಕ್ ರೊಟ್ಟಿ ತಿಂದವಳು. ಅದು ಎಲ್ಲಿ ಖಡಕ್ ಆಗುತ್ತದೆ ಎಂದು ನೋಡಿದ್ದು ಅವತ್ತೇ ಮೊದಲು. ಅವಳು ಹಾಳು ಎಂದು ಹಿಡಿದು ಕೂಡಿಹಾಕಿದ್ದ ಬಿಸಿ ಇಲ್ಲಿ ಬೆಳಗಿನಿಂದ ದುಡಿಯುತ್ತಿತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ಆ ಮುಕ್ಕಾಲು ಹಿತ್ತಲಲ್ಲಿ ಕೂತು ಕೆಮ್ಮುತ್ತಿತ್ತು.

"ಇದೇನ್ರಿ ಆಯಿ?" ಎಂದಳು ದಾನೇಶ್ವರಿ.

ಬಂಗಾರೆವ್ವ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಎದ್ದು ನಿಂತಳು. "ಇಷ್ಟ ಲಗೂ ಯಾಕ ಬಂದಿ ಮಗಳ? ನಿನ್ನ ಒಲಿ ಮ್ಯಾಗ ರೊಟ್ಟಿ ಬೇಯ್ತಾವು. ಆದ್ರ ಮೆತ್ತಗs ಉಳೀತಾವು. ಎರಡ ದಿನಕ್ಕ ಬೂಸ್ಟ ಹಿಡೀತೈತಿ. ಮೆತ್ತಗಿನ ರೊಟ್ಟಿ ಕಳಿಸಿದ್ರ ಯಾರ ತಗೋತಾರ?"

"ಮತ್ತ ಕಟ್ಟಿಗಿ ಲೆಕ್ಕ ಸುಳ್ಳ ಹೇಳಿದ್ರೇನು?"

"ಸುಳ್ಳ ಯಾಕ ಹೇಳೋಣು? ಹೊಸ ಒಲಿಗೆ ಎಷ್ಟ ಹಾಕೀರಿ ಅಂತ ಕೇಳಿದಿ, ಅಷ್ಟs ಹೇಳೀವಿ. ಹಳೀದರ ಸುದ್ದಿ ನೀ ಕೇಳೇ ಇಲ್ಲ."

ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಮಾಬೂಬಿ ತಲೆ ಎತ್ತದೆ ಹೇಳಿದಳು. "ಮಗಳು ನಮ್ಮ ಕಣ್ಣ ನೋಡಿ ಮರುಗಿ ಒಲಿ ತಂದಾಳ. ಅಂಥಾದ್ದಕ್ಕ ಚೊಲೊ ಇಲ್ಲ ಅನ್ನಾಕ ಬಾಯಿ ಬರ್ತೈತೇನ ತಂಗಿ?"

ತಿಂಗಳಿಡೀ ದಾನೇಶ್ವರಿಗೆ ಸಿಕ್ಕಿದ್ದು ಉತ್ತರವಲ್ಲ, ಅಕ್ಕರೆ.

ಒಂಬತ್ತಕ್ಕೆ ಅಂಗಡಿ ಸರ್ ಜೀಪಿನಲ್ಲಿ ಬಂದರು. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. "ಈಗ ಸಹಿ ಆಗ್ಲಿ ದಾನೇಶ್ವರಿ. ಒಲಿ ಆಮ್ಯಾಲ ತಿದ್ದೋಣು. ಇಂಥಾ ಅವಕಾಶ ಮತ್ತ ಬರೂದಿಲ್ಲ ನೋಡು."

ಬಂಗಾರೆವ್ವ ಇನ್ನೂ ಮುಂದೆ ಹೋದಳು. "ಹಳೀ ಒಲಿ ಮ್ಯಾಗ ಗೋಣಿಚೀಲ ಮುಚ್ಚಿಬಿಡ್ತೀವಿ. ಸಾಹೇಬ್ರು ಹಿತ್ತಲಕ್ಕ ಯಾಕ ಬರ್ತಾರ? ಒಂದ ತಾಸಿನ ಮಾತು. ನೀ ಪಾಸಾಗು."

ಹೆದರಿಸಿದ್ದರೆ ಎದುರು ನಿಲ್ಲಬಹುದಿತ್ತು. ಇವರು ಪ್ರೀತಿ ಮಾಡುತ್ತಿದ್ದರು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಎಂದರೆ ಏನೆಂದು ದಾನೇಶ್ವರಿಗೆ ಅವತ್ತು ಗೊತ್ತಾಯಿತು. ಹನ್ನೊಂದರವರೆಗೂ ಅವಳು ಒರೆಸಿದ ಒಲೆಗಳನ್ನೇ ಮತ್ತೆ ಮತ್ತೆ ಒರೆಸಿದಳು, ಬಂಗಾರೆವ್ವ ಅದರಲ್ಲೊಂದಕ್ಕೆ ಉರಿ ಹಚ್ಚಿದಳು.

ನದಾಫ್ ಸಾಹೇಬರು ಬಂದರು. ಎತ್ತರದ ಆಳು, ಮಾತು ಕಡಿಮೆ. ಉರಿಯುವ ಒಲೆಯ ಹೊರಮೈ ಮುಟ್ಟಿ ಹುಬ್ಬೇರಿಸಿದರು. ಮೆಚ್ಚಿಗೆಯಾಯಿತೆಂದು ಅಂಗಡಿ ಸರ್ ಮುಖ ಅರಳಿತು. ಸಾಹೇಬರು ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಬರೆಯಲು ಬಗ್ಗಿದರು.

ದಾನೇಶ್ವರಿಗೆ ಆ ಪೆನ್ನು ಕಾಣಲಿಲ್ಲ. ಮುನ್ನೂರು ಊರಿನ ಮುನ್ನೂರು ಹಿತ್ತಲುಗಳು ಕಂಡವು. ಅಷ್ಟೂ ಕಡೆ ಹೆಣ್ಣುಮಕ್ಕಳು ಹೊಸ ಒಲೆಯನ್ನು ಒರೆಸಿಟ್ಟು ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು.

"ಸಹಿ ಮಾಡಬ್ಯಾಡ್ರಿ ಸರ್" ಎಂದಳು. "ಇದರಾಗ ರೊಟ್ಟಿ ಖಡಕ್ ಆಗೂದಿಲ್ಲ. ಅದಕ್ಕಂತ ಇವರು ಹಳೀ ಒಲಿನೂ ಹಚ್ಚತಾರು. ಎರಡೂ ಸೇರಿದ್ರ ಕಟ್ಟಿಗಿ ಮೊದಲಿಗಿಂತ ಹೆಚ್ಚ ಹೋಗತೈತ್ರಿ. ತಪ್ಪು ಇವರದಲ್ಲ. ನಾ ಕೇಳೂದ ಕೇಳಲಿಲ್ಲ."

ಅಂಗಡಿ ಸರ್ ಕಣ್ಣು ಮುಚ್ಚಿಕೊಂಡರು. ನದಾಫ್ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಫೈಲು ಕಟ್ಟಿದರು. "ಹಂಗಾದ್ರ ಇವತ್ತ ಸಹಿ ಇಲ್ಲ" ಎಂದು ಹೊರಟು ನಿಂತರು. ದಾನೇಶ್ವರಿಯ ಕಣ್ಣಲ್ಲಿ ನೀರು ತುಂಬಿತು.

ಬಾಗಿಲಿಗೆ ಬಂಗಾರೆವ್ವ ಅಡ್ಡ ನಿಂತಿದ್ದಳು. "ರೊಟ್ಟಿ ಕೇಂದ್ರಕ್ಕ ಬಂದವರು ಉಣಲಾರದ ಹೋಗೂ ಪದ್ಧತಿ ಇಲ್ರಿ ಸಾಹೇಬ್ರ. ಸಹಿ ನಿಮ್ಮದು, ಊಟ ನಮ್ಮದು."

ಸಾಹೇಬರು ಕೂತರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು ಬಡಿಸಿದರು. ಅವರು ತುತ್ತು ಮುರಿಯುತ್ತಿರುವಾಗ ದಾನೇಶ್ವರಿ ಮುಖ ಒರೆಸಿಕೊಂಡು ಬಂಗಾರೆವ್ವನ ಹತ್ತಿರ ಹೋದಳು. ಕಳಕೊಳ್ಳುವುದನ್ನೆಲ್ಲ ಕಳಕೊಂಡ ಮೇಲೆ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ.

"ಆಯಿ, ಅಕ್ಕರತಿ ಆಚಿಗಿಡ್ರಿ. ಈ ಒಲಿ ನಿಮ್ಮದs ಆಗಿದ್ರ ಮೊದಲ ಏನ್ ಕಿತ್ತ ಒಗೀತಿದ್ರಿ?"

ಬಂಗಾರೆವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. "ಇದನ್ನ" ಎಂದು ಒಲೆಯ ಎದುರಿನ ಹೊರತಗಡನ್ನು ಕುಟ್ಟಿ ತೋರಿಸಿದಳು. ದಾನೇಶ್ವರಿ ಎರಡು ತಿಂಗಳು ಕಷ್ಟಪಟ್ಟು ಕೂಡಿಸಿದ ತಗಡು ಅದು.

ಸ್ಕ್ರೂಡ್ರೈವರ್ ಬಂತು. ಹಚ್ಚದೇ ಇದ್ದ ಒಂದು ಒಲೆಯ ಮುಂದಿನ ತಗಡು ಕಳಚಿತು. ಒಳಗಿನ ಬೂದಿ ಸುರ್ರೆಂದು ನೆಲಕ್ಕೆ ಬಿತ್ತು. ಇನ್ನು ರೊಟ್ಟಿ ಒರಗಿಸಲು ಏನಾದರೂ ಬೇಕು ಅನ್ನುವಷ್ಟರಲ್ಲಿ ಮಾಬೂಬಿ ಮನೆಗೆ ಓಡಿ ಕೆಟ್ಟ ಫ್ಯಾನಿನ ಮುಂದಿನ ಜಾಳಿಗೆ ಹಿಡಿದು ಬಂದಳು. ಒಬ್ಬಳು ತಂತಿ ಬಿಗಿದಳು, ಇನ್ನೊಬ್ಬಳು ಉರಿ ಹಚ್ಚಿದಳು. "ಇನ್ನೊಂಚೂರ ಓರೆ ಮಾಡ", "ಏ, ಅಷ್ಟ ಸನೇಕ ಬ್ಯಾಡ, ಹೊತ್ತತೈತಿ" ಎಂದು ಹನ್ನೆರಡು ಬಾಯಿಗಳು ಒಟ್ಟಿಗೇ ಪಾಠ ಹೇಳತೊಡಗಿದವು. ತಿಂಗಳಿಡೀ ಚೊಲೊ ಐತಿ ಬಿಟ್ಟು ಬೇರೆ ಮಾತಾಡದವರು ಈಗ ಕಾಲೇಜಿನವಳ ತಪ್ಪನ್ನು ಹೆಕ್ಕಿ ಹೆಕ್ಕಿ ತೋರಿಸಿದರು. ದಾನೇಶ್ವರಿಗೆ ಅಷ್ಟು ಖುಷಿ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ.

ಮೊದಲ ರೊಟ್ಟಿ ಸೀದು ಕರಿಕಾಯಿತು. ಎರಡನೆಯದು ಒಂದು ಬದಿ ಮೆತ್ತಗೆ ಉಳಿಯಿತು. ಮೂರನೆಯದನ್ನು ಬಂಗಾರೆವ್ವ ಎತ್ತಿ ಎರಡೂ ಕೈಯಲ್ಲಿ ಹಿಡಿದು ಮುರಿದಳು. ಖಟಕ್ ಅಂದಿತು.

ಆ ಸದ್ದಿಗೆ ಊಟ ಮಾಡುತ್ತಿದ್ದ ಸಾಹೇಬರು ತಲೆ ಎತ್ತಿದರು. ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಎದ್ದು ಬಂದರು. "ಅರ್ಧ ಕಟ್ಟಿಗಿ ಈಗೂ ಉಳೀತೈತೇನು?" ಎಂದು ಕೇಳಿದರು.

"ಇಲ್ರಿ. ಅಷ್ಟ ಉಳಿಯೂದಿಲ್ಲ. ಎಷ್ಟಂತ ತೂಗೇ ನೋಡಬೇಕು" ಎಂದಳು ದಾನೇಶ್ವರಿ.

ತೂಗಿದರು. ಐವತ್ತು ರೊಟ್ಟಿಗೆ ಹಳೆಯ ಒಲೆ ಆರು ಕಿಲೋ ತಿನ್ನುತ್ತಿತ್ತು. ಇದು ನಾಲ್ಕು ತಿಂದಿತು. ಅಷ್ಟಾಗುವ ಹೊತ್ತಿಗೆ ಮೂರು ಗಂಟೆಯಾಗಿ ಸಾಹೇಬರ ಡ್ರೈವರ್ ಜೀಪಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಸಾಹೇಬರು ಮತ್ತೆ ಫೈಲು ಬಿಚ್ಚಿದರು.

"ನಮ್ಮ ಫಾರ್ಮಿನ್ಯಾಗ ಕಟ್ಟಿಗಿ ಕಾಲಮ್ ಐತಿ, ಹೊಗಿ ಕಾಲಮ್ ಐತಿ. ರೊಟ್ಟಿ ಹೆಂಗಾತು ಅನ್ನೋ ಕಾಲಮ್ಮೇ ಇಲ್ಲ. ನಿಮಗ ಬಯ್ಯೂದ ಏನೈತಿ, ಫಾರ್ಮ್ ಮಾಡಿದವರು ನಾವs" ಎಂದು ಕೊನೆಯ ಗೆರೆಯ ಕೆಳಗೆ ಪೆನ್ನಿನಿಂದ ರೊಟ್ಟಿಗೆಂದು ಇನ್ನೊಂದು ಗೆರೆ ಎಳೆದರು. ಮುನ್ನೂರು ಊರಿಗೆ ಅವರು ಸಹಿ ಹಾಕಲಿಲ್ಲ. ಹತ್ತು ಊರಿಗೆ ಹಾಕಿದರು. ಪ್ರತಿ ಊರಲ್ಲೂ ಮೊದಲು ಅಲ್ಲಿಯ ಹೆಣ್ಣುಮಕ್ಕಳು ಒಲೆಯನ್ನು ಬಿಚ್ಚಿ, ತಿದ್ದಿ, ಆಮೇಲೆ ಒಪ್ಪಬೇಕು ಎಂದು ಷರತ್ತು ಬರೆದರು. ಜೀಪು ಹತ್ತುವಾಗ ಸಾಹೇಬರು ಅಂಗಡಿ ಸರ್ ಕಿವಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದರು. "ಮೇಷ್ಟ್ರ, ನಿಮ್ಮ ಹುಡುಗಿ ಪಾಸ್. ನೀವು ನಾನು ಇನ್ನೊಮ್ಮೆ ಪರೀಕ್ಷಾಕ ಕುಂದರಬೇಕು."

ಮುಂದಿನ ಸೋಮವಾರ ಅಂಗಡಿ ಸರ್ ಬಂಗಾರೆವ್ವನನ್ನು ಕಾಲೇಜಿಗೆ ಕರೆಸಿದರು. ಅರವತ್ತು ಮಂದಿ ಹುಡುಗ ಹುಡುಗಿಯರು ಪೆನ್ನು ಹಿಡಿದು ಸಾಲಾಗಿ ಕೂತಿದ್ದರು. ಬಂಗಾರೆವ್ವ ಒಂದು ಬುಟ್ಟಿ ಜೋಳದ ಹಿಟ್ಟು ತಂದು ಮೇಜಿನ ಮೇಲಿಟ್ಟಳು. ಸೆರಗು ಸಿಕ್ಕಿಸಿಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು.

"ನಿಮ್ಮೊಳಗ ರೊಟ್ಟಿ ಬಡಿಯಾಕ ಬರೋರು ಕೈ ಎತ್ತರಿ."

ಒಂದು ಕೈಯೂ ಏಳಲಿಲ್ಲ.

"ಹಂಗಾರ ಪೆನ್ನ ಕೆಳಗಿಡ್ರಿ. ಮೊದಲ ಹೋಗಿ ಕೈ ತೊಳಕೊಂಡ ಬರ್ರಿ."

ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಕಡೆ ಹೊರಟವರು ಅಂಗಡಿ ಸರ್.

ನೀತಿ: ಯಾರ ಕೆಲಸವನ್ನು ಹಗುರ ಮಾಡಲು ಹೊರಟಿದ್ದೀರೋ, ಮೊದಲು ಅವರ ಪಕ್ಕ ಕೂತು ಆ ಕೆಲಸ ಕಲಿಯಿರಿ. ಪುಸ್ತಕ ಹಾಳು ಎಂದದ್ದು ಅವರ ಬಾಳಾಗಿರಬಹುದು.