ಹೆಗಲುಗುಂಡಿಗೆ ಆ ಹೆಸರು ಬಂದದ್ದು

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಗೌಜಗನಕುಂಟೆ ಎಂಬ ಊರು ಸಿಗುತ್ತದೆ. ಊರಿನ ಬೆನ್ನಿಗೇ ಒಂದು ಬೋಳು ಕಲ್ಲುಬೆಟ್ಟ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಬೇರೇನೋ ಹೆಸರಿದೆಯಂತೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನವರು ಮುಖ ಮುಖ ನೋಡುತ್ತಾರೆ. ಹೆಗಲುಗುಂಡು ಎಂದರೆ ಮಾತ್ರ ಕೂಸುಗಳೂ ಬೆರಳು ಚಾಚುತ್ತವೆ. ಭಾನುವಾರ ಬಂತೆಂದರೆ ಬೆನ್ನಿಗೊಂದು ಚೀಲ, ಕಾಲಿಗೆ ದಪ್ಪ ಬೂಟು ಏರಿಸಿಕೊಂಡು ಪೇಟೆಯ ಗೆಳೆಯರ ಗುಂಪುಗಳು, ಮಕ್ಕಳು ಮರಿ ಕಟ್ಟಿಕೊಂಡ ಸಂಸಾರಗಳು ಇಲ್ಲಿಗೆ ಬೆಟ್ಟ ಹತ್ತಲು ಬರುತ್ತವೆ. ಮೇಲಕ್ಕೆ ಎರಡು ದಾರಿ. ಒಂದು, ಬೆಟ್ಟವನ್ನು ತೆಂಕಣದಿಂದ ಸುತ್ತಿ ಹೋಗುವ ಬಳಸುದಾರಿ. ಮುದುಕರಿಗೂ ಮಕ್ಕಳಿಗೂ ಅದೇ ಸರಿ. ಇನ್ನೊಂದು, ಮೂಡಣದ ಬಂಡೆಗಳ ಮೇಲೆ ನೇರಕ್ಕೆ ಏರುವ ದಾರಿ. ಅದರ ನಡುವೆ ಒಂದು ನುಣ್ಣನೆಯ ಗುಂಡು ಅಡ್ಡ ನಿಂತಿದೆ. ಆಳಿಗಿಂತ ಎತ್ತರ, ಕೈಗೆ ಬಿರುಕಿಲ್ಲ, ಕಾಲಿಗೆ ಹಿಡಿತವಿಲ್ಲ. ಒಬ್ಬರು ಕೆಳಗೆ ನಿಂತು ಹೆಗಲು ಕೊಟ್ಟರೆ ಇನ್ನೊಬ್ಬರು ಅದರ ಮೇಲೆ ಕಾಲಿಟ್ಟು ಮೇಲಿನ ಜಗಲಿಯಂಥ ಕಲ್ಲಿಗೆ ಏರಬೇಕು, ಆಮೇಲೆ ಹೆಗಲು ಕೊಟ್ಟವರನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಎಂಥ ಗಟ್ಟಿ ಆಸಾಮಿಯೂ ಅಲ್ಲಿ ಒಬ್ಬನೇ ಹತ್ತಿದ್ದನ್ನು ಯಾರೂ ಕಂಡಿಲ್ಲ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಮಣ್ಣಿನ ಕೋಟೆ ಇದ್ದ ಕಾಲದಲ್ಲಿ, ಈ ಬೆಟ್ಟವನ್ನು ಬರೀ ಮೊಂಡುಬೆಟ್ಟ ಎಂದು ಕರೆಯುತ್ತಿದ್ದರು ಎನ್ನುತ್ತಾರೆ. ಯುಗಾದಿಯ ಮರುದಿನ ಉಂಡೆದ್ದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತುತ್ತಿತ್ತು. ಹೊಸ ವರ್ಷದ ಚಂದ್ರನನ್ನು ಬೆಟ್ಟದ ನೆತ್ತಿಯಿಂದಲೇ ನೋಡಬೇಕು. ಅಷ್ಟೇ ಆಗಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಚಂದ್ರನನ್ನು ಕಂಡ ಕಣ್ಣಿಗೆ ಮೊದಲು ಯಾರ ಮುಖ ಬೀಳುತ್ತದೋ ಅವರ ನಂಟು ಆ ವರ್ಷವೆಲ್ಲ ಗಟ್ಟಿ ಎಂಬುದು ಇಲ್ಲಿಯವರ ನಂಬಿಕೆ. ಹಾಗಾಗಿ ಆ ಸಂಜೆ ನೆತ್ತಿಯ ಮೇಲೆ ಯಾರು ಯಾರ ಪಕ್ಕಕ್ಕೆ ನಿಲ್ಲಬೇಕು ಎಂಬುದರಲ್ಲಿ ಸಣ್ಣಪುಟ್ಟ ತಳ್ಳಾಟವೇ ನಡೆಯುತ್ತಿತ್ತು. ಗಂಡನ ಮುಖಕ್ಕೆ ಅತ್ತೆ ಅಡ್ಡ ಬಂದಳೆಂದು ಸೊಸೆ ಮುಖ ಊದಿಸಿಕೊಂಡದ್ದು, ಸೊಸೆ ಮೊದಲೇ ಎದುರು ನಿಂತಳೆಂದು ಅತ್ತೆ ಒಬ್ಬಟ್ಟು ಮುಟ್ಟದೆ ಇಳಿದದ್ದು, ಎಲ್ಲ ಆ ಬೆಟ್ಟ ಕಂಡಿದೆ.

ಆ ಊರಿನಲ್ಲಿ ಓಬಕ್ಕ, ಮುದ್ದಕ್ಕ ಎಂಬ ಇಬ್ಬರು ಗೆಳತಿಯರಿದ್ದರು. ಒಂದೇ ಓಣಿಯ ಆಚೆ ಈಚೆ ಮನೆ. ನಡೆಯಲು ಕಲಿತಾಗಿನಿಂದ ಜೊತೆಯಲ್ಲೇ ಬೆಟ್ಟ ಹತ್ತಿದವರು. ಹಿರಿಯರೆಲ್ಲ ಬಳಸುದಾರಿ ಹಿಡಿದರೆ ಇವರು ಬಂಡೆಗಳ ದಾರಿ. ಗುಂಡಿನ ಹತ್ತಿರ ಮುದ್ದಿ ಹೆಗಲು ಕೊಡುವವಳು, ಓಬಿ ಏರುವವಳು. ಮುದ್ದಿಯ ಮೈಕಟ್ಟು ಗಟ್ಟಿ, ಓಬಿ ಹಗುರ. ಮೇಲೇರಿದ ಓಬಿ ತಲೆಯ ಸಿಂಬಿ ಬಿಚ್ಚುವಳು. ಅದು ಹಳೆಯ ಸೀರೆಯ ಉದ್ದನೆಯ ತುಂಡು. ಅದನ್ನು ಇಳಿಬಿಡುವ ಮುಂಚೆ “ಇದ್ದೀಯಾ?” ಎಂದು ಕೂಗುವಳು. ಕೆಳಗಿನಿಂದ “ಇದ್ದೀನಿ” ಎಂಬ ಮಾತು ಬಂದ ಮೇಲೆಯೇ ಬಟ್ಟೆ ಇಳಿಯುತ್ತಿತ್ತು. ನೆತ್ತಿಯಲ್ಲಿ ಚಂದ್ರ ಕಂಡೊಡನೆ ಇಬ್ಬರೂ ಥಟ್ಟನೆ ಒಬ್ಬರಿಗೊಬ್ಬರು ತಿರುಗಿ ನಗುವರು. ಬುದ್ಧಿ ಬಂದಾಗಿನಿಂದ ಓಬಕ್ಕನಿಗೆ ಬೇರೆ ಮುಖದ ಚಿಂತೆಯೇ ಇರಲಿಲ್ಲ.

ಅಂಥ ಮುದ್ದಿಯನ್ನು ಒಂದು ಮಾಘದಲ್ಲಿ ಓಬಕ್ಕನ ಅಣ್ಣ ಚಿತ್ತಯ್ಯನಿಗೇ ತಂದುಕೊಂಡರು. ಮದುವೆ ಗೊತ್ತಾದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ಓಬಕ್ಕನೇ. ಗೆಳತಿ ಇನ್ನು ನಮ್ಮ ಮನೆಯಲ್ಲೇ ಇರುತ್ತಾಳೆ ಎಂಬುದೊಂದೇ ಅವಳ ಲೆಕ್ಕ. ಆದರೆ ಮನೆ ತುಂಬಿಸಿಕೊಂಡ ದಿನವೇ ಅವ್ವ ಕಣ್ಣು ಬಿಟ್ಟು, “ಇನ್ಮೇಲೆ ಮುದ್ದಿ ಗಿದ್ದಿ ಅನ್ಬ್ಯಾಡ. ಅತ್ಗೆ ಅನ್ನು,” ಎಂದಳು. ಅಲ್ಲಿಂದ ಶುರುವಾಯಿತು. ಅಣ್ಣನಿಗೆ ಮುದ್ದೆ ಬಡಿಸುವವಳು ಮುದ್ದಿ, ಅವ್ವನ ತಲೆ ಬಾಚುವವಳು ಮುದ್ದಿ. ಅಡ್ಡಗೋಡೆಯ ಆಚೆ ಅಣ್ಣನೂ ಅವಳೂ ಪಿಸಪಿಸ ಮಾತಾಡಿ ನಕ್ಕರೆ ಈಚೆ ಓಬಕ್ಕನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ತನಗೆ ಹೇಳದ ಮಾತು ಅದೇನಿರುತ್ತದೆ? ಇದರ ಮೇಲೆ ಅವಳಿಗೂ ದೂರದ ಊರಿನಲ್ಲಿ ಗಂಡು ಗೊತ್ತಾಯಿತು. ಯುಗಾದಿ ಕಳೆದ ಮೇಲೆ ಮದುವೆ. ಮುದ್ದಿ ಈ ಮನೆಗೆ ಬಂದು ಉಳಿಯುವವಳು, ತಾನು ಈ ಮನೆ ಬಿಟ್ಟು ಹೋಗುವವಳು. ಅವ್ವ, ಅಣ್ಣ, ಕೊನೆಗೆ ಹಿತ್ತಲಿನ ಕರಿಬೇವಿನ ಗಿಡ ಸಹ ಅವಳ ಪಾಲಿಗೆ. ಹೊಟ್ಟೆಕಿಚ್ಚು ಅಣ್ಣನ ಮೇಲೋ ಗೆಳತಿಯ ಮೇಲೋ ಎಂದು ಕೇಳಿದ್ದರೆ ಓಬಕ್ಕನಿಗೂ ಗೊತ್ತಿರಲಿಲ್ಲ. ಆ ವರ್ಷ ಚಂದ್ರನನ್ನು ಕಂಡ ಮುದ್ದಿ ಯಾರ ಕಡೆ ತಿರುಗುತ್ತಾಳೆ ಎಂಬುದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಯುಗಾದಿಯ ಮರುದಿನ ಬೆಟ್ಟಕ್ಕೆ ಹೊರಟಾಗ ಚಿತ್ತಯ್ಯ ಬುತ್ತಿಯ ಗಂಟು ಹೊತ್ತು ಅಜ್ಜಿಯ ಕೈ ಹಿಡಿದು ಬಳಸುದಾರಿಗೆ ಹೊರಳಿದ. ಹೊಸ ಸೊಸೆಯೂ ಅತ್ತಲೇ ಹೋಗಬೇಕು ಎಂದು ಅವ್ವ ಅಂದರೆ ಮುದ್ದಿ ಒಪ್ಪಲಿಲ್ಲ, “ನಾನು ಓಬಿ ಜೊತೆ ಬಂಡೆ ದಾರೀಲೇ ಬತ್ತೀನಿ,” ಎಂದು ಹಟ ಹಿಡಿದಳು. ಓಬಕ್ಕನಿಗೆ ಆಕಾಶಕ್ಕೆ ಮೂರೇ ಗೇಣು. ಆದರೆ ಆ ಸಂತೋಷ ಮೊದಲ ಬಂಡೆ ದಾಟುವವರೆಗೂ ಉಳಿಯಲಿಲ್ಲ. ದಾರಿಯುದ್ದಕ್ಕೂ ಮುದ್ದಿಯ ಬಾಯಲ್ಲಿ ಒಂದೇ ಮಾತು: ನಿಮ್ಮಣ್ಣ ಹಿಂಗಂದರು, ನಿಮ್ಮಣ್ಣ ಹಂಗಂದರು, ನಿಮ್ಮಣ್ಣಗೆ ಹುರುಳಿ ಸಾರು ಅಂದ್ರೆ ಪ್ರಾಣ. ಹುಟ್ಟಿದಾಗಿನಿಂದ ಅಣ್ಣನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳಿಗೆ ಅಣ್ಣನ ರುಚಿಯ ಪಾಠ! ಓಬಕ್ಕ ಬಿರಬಿರನೆ ಮುಂದೆ ಮುಂದೆ ನಡೆದಳು. ಗುಂಡಿನ ಬುಡ ಮುಟ್ಟಿದಾಗ ಮುದ್ದಿ ಎಂದಿನಂತೆ ಕಲ್ಲಿಗೆ ಎದೆಯೊತ್ತಿ ನಿಂತು ನಗುತ್ತ ಹೇಳಿದಳು: “ಇವತ್ತು ಚಂದ್ರನ್ನ ನೋಡಿ ಮೊದ್ಲು ಅವರ ಮುಖಾನೇ ನೋಡ್ಬೇಕಂತೆ ಕಣೆ. ರಾತ್ರಿಯೆಲ್ಲಾ ಅದೇ ಹಟ. ಅದ್ಕೆ ನಾನೇನಂದೆ ಗೊತ್ತಾ...”

ಏನಂದಳೋ ಓಬಕ್ಕ ಕೇಳಲಿಲ್ಲ. ಕೇಳುವ ಸಹನೆಯೂ ಇರಲಿಲ್ಲ. ಹೆಗಲ ಮೇಲೆ ಕಾಲಿಟ್ಟಳು, ಎಂದಿಗಿಂತ ತುಸು ಬಿರುಸಾಗಿಯೇ ಇಟ್ಟಳು, ಮೇಲೇರಿದಳು. ಜಗಲಿಕಲ್ಲಿನ ಮೇಲೆ ನಿಂತು ಸಿಂಬಿಗೆ ಕೈ ಹಾಕಿದವಳು ಹಾಗೇ ಕೈ ತೆಗೆದಳು. ಮುದ್ದಿ ಚಂದ್ರನನ್ನು ಕಂಡರೆ ತಾನೇ ಅಣ್ಣನ ಮುಖ ನೋಡುವುದು? ಗುಂಡಿರುವುದು ಮೂಡಣದಲ್ಲಿ, ಅದರ ಬುಡಕ್ಕೆ ಪಡುವಣದ ಚಂದ್ರ ಕಾಣುವಂತಿಲ್ಲ. ತನಗೆ ಸಿಗದ ಮುಖ ಅವನಿಗೂ ಸಿಗುವುದು ಬೇಡ. ಓಬಕ್ಕ “ಇದ್ದೀಯಾ?” ಎನ್ನಲಿಲ್ಲ, ಬಟ್ಟೆ ಇಳಿಸಲಿಲ್ಲ, ತಿರುಗಿ ನೋಡದೆ ನೆತ್ತಿಗೆ ನಡೆದುಬಿಟ್ಟಳು. ಕಾಯುವಷ್ಟು ಕಾದು ಮುದ್ದಿ ಊರಿಗೆ ಇಳಿದು ಹೋಗುತ್ತಾಳೆ, ಹೋಗಲಿ ಎಂದುಕೊಂಡಳು.

ನೆತ್ತಿಯ ಮೇಲೆ ಊರೆಲ್ಲ ನೆರೆದಿತ್ತು. ಚಿತ್ತಯ್ಯ ಅಜ್ಜಿಯನ್ನು ಕೂರಿಸಿ, ಒಬ್ಬಟ್ಟಿನ ಗಂಟು ಬಿಚ್ಚಿ, ಹೆಂಡತಿಗೆಂದು ಪಕ್ಕದಲ್ಲಿ ಹೆಗಲ ವಸ್ತ್ರ ಹಾಸಿ ಜಾಗ ಹಿಡಿದಿದ್ದ. ತಂಗಿ ಒಬ್ಬಳೇ ಬಂದದ್ದು ಕಂಡು, “ಮುದ್ದಿ ಎಲ್ಲಮ್ಮಾ?” ಎಂದ. “ಕಾಲು ಉಳುಕ್ತು ಅಂತ ಮನೇಗೆ ಹೋದ್ಲು,” ಎಂದು ಓಬಕ್ಕ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಅವನ ಮುಖ ಸಣ್ಣದಾಯಿತು. ಅದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಹಿತವಾಯಿತು ಎನ್ನುತ್ತಾರೆ. ಆ ಹಿತವನ್ನು ಮುಚ್ಚಿಟ್ಟು ಹೇಳುವವರು ಈ ಕಥೆಗೆ ಅನ್ಯಾಯ ಮಾಡುತ್ತಾರೆ. ಹೊತ್ತು ಮುಳುಗಿತು. ಪಡುವಣದ ಕೆಂಪಿನಲ್ಲಿ ಎಳೆಯ ಚಂದ್ರ ಕಂಡ. ಹೋ ಎಂಬ ಕೂಗೆದ್ದಿತು, ಎಲ್ಲರೂ ತಮ್ಮ ತಮ್ಮವರ ಕಡೆ ತಿರುಗಿದರು. ಓಬಕ್ಕನೂ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದಳು. ಅಲ್ಲಿ ಬರೀ ಗಾಳಿ. ಗಾಬರಿಯಾಗಿ ಸೆರಗನ್ನು ಮುಖದ ಮೇಲೆಳೆದುಕೊಂಡಳು, ಇನ್ಯಾರ ಮುಖವೂ ಕಣ್ಣಿಗೆ ಬೀಳಬಾರದು. ಅಷ್ಟರಲ್ಲಿ ಅಣ್ಣನ ದನಿ ಕೇಳಿಸಿತು: “ಅವ್ವಾ, ನಾನು ಯಾರ ಮುಖಾನೂ ನೋಡಾಕಿಲ್ಲ. ಮನೇಗೋಗಿ ಅವಳ ಮುಖಾನೇ ನೋಡ್ತೀನಿ.” ಅವನು ಆ ವಸ್ತ್ರವನ್ನು ತಲೆಯ ಮೇಲೆ ಇಳಿಬಿಟ್ಟುಕೊಂಡು, ನೆಲ ನೋಡುತ್ತ ಬಳಸುದಾರಿಯಲ್ಲಿ ದಡದಡನೆ ಇಳಿದೇಬಿಟ್ಟ.

ಓಬಕ್ಕನಿಗೆ ತಪ್ಪಿನ ಅರಿವಾಗಿ ಗೆಳತಿಗಾಗಿ ಓಡಿದಳು ಎಂದು ಕೆಲವರು ಹೇಳುವುದುಂಟು. ಹಾಗೇನೂ ಇಲ್ಲ. ಅವಳು ಇಳಿದದ್ದೂ ಹೊಟ್ಟೆಕಿಚ್ಚಿನಿಂದಲೇ. ಅಣ್ಣ ಮನೆ ಸೇರುವ ಮೊದಲು ತಾನು ಸೇರಬೇಕು, ಮುದ್ದಿಯ ಮುಖ ತನಗೇ ಮೊದಲು ದಕ್ಕಬೇಕು. ಬಂಡೆಗಳ ದಾರಿ ಅರ್ಧಕ್ಕರ್ಧ ಹತ್ತಿರ. ಮಬ್ಬುಗತ್ತಲಲ್ಲಿ ಜಗಲಿಕಲ್ಲಿಗೆ ಬಂದವಳು ಹಿಂದುಮುಂದು ನೋಡದೆ ಹೊಟ್ಟೆಯ ಮೇಲೆ ಮಲಗಿ ಕಾಲು ಇಳಿಬಿಟ್ಟು ಜಾರಿದಳು. ಹತ್ತುವಾಗ ಬೇಕಾದ ಹೆಗಲು ಇಳಿಯುವಾಗಲೂ ಬೇಕು ಎಂಬುದು ನೆನಪಾದದ್ದು ಆಮೇಲೆ, ಬೆರಳ ತುದಿಗಳಷ್ಟೇ ಕಲ್ಲಿನ ಅಂಚಿಗೆ ಉಳಿದಾಗ. ಮೇಲೆ ಎಳೆದುಕೊಳ್ಳಲು ತೋಳಿನಲ್ಲಿ ಕಸುವಿಲ್ಲ. ಕೆಳಗೆ ಗುಂಡಿನ ಬುಡಕ್ಕೆ ಹೊಂದಿಕೊಂಡೇ ಕೊರಕಲು. ಮುದ್ದೀ ಎಂದು ಕೂಗೋಣವೆಂದರೆ ಯಾವ ಬಾಯಲ್ಲಿ ಕೂಗುವುದು? ಬೆರಳು ಬೆವೆತು ಜಾರತೊಡಗಿದವು. ಕಾಲು ಗಾಳಿಯಲ್ಲಿ ತಡಕಾಡಿತು, ಬರೀ ನುಣ್ಣನೆಯ ಕಲ್ಲು ಸವರಿತು, ಮತ್ತೆ ತಡಕಾಡಿತು. ಆಗ ಯಾರೋ ಅವಳ ಪಾದ ಹಿಡಿದು ಮೆತ್ತಗೆ ಎಳೆದು ಹೆಗಲ ಮೇಲೆ ಇಟ್ಟುಕೊಂಡರು.

“ಇದ್ದೀನಿ ಕಣೆ. ನಿಧಾನ. ಇನ್ನೊಂದು ಕಾಲೂ ಬಿಡು.”

ಓಬಕ್ಕ ಇಳಿದು, ಕಲ್ಲಿಗೆ ಹಣೆ ಹಚ್ಚಿ ಏದುಸಿರು ಬಿಡುತ್ತ ನಿಂತಳು. ತಿರುಗಿ ನೋಡುವ ಧೈರ್ಯವಿಲ್ಲ. ಕಲ್ಲಿಗೇ ಮುಖ ಮಾಡಿ, “ಬಟ್ಟೆ ಯಾಕಿಳಿಸ್ಲಿಲ್ಲ ಅಂತ ಕೇಳಲ್ವಾ?” ಎಂದಳು. “ಗೊತ್ತಾತು. ನೀನು ಕಾಲಿಟ್ಟ ರೀತೀಲೇ ಗೊತ್ತಾತು. ಹೆಗಲು ಇನ್ನೂ ಉರೀತೈತೆ,” ಎಂದಳು ಮುದ್ದಿ. “ಮತ್ತೆ ಊರಿಗೆ ಯಾಕೋಗ್ಲಿಲ್ಲ? ಬಳಸುದಾರೀಲಿ ಬಂದು ಚಂದ್ರನ್ನಾದ್ರೂ ನೋಡ್ಬೋದಿತ್ತಲ್ಲ?” ಅದಕ್ಕೆ ಮುದ್ದಿ, ಇದೂ ಒಂದು ಪ್ರಶ್ನೆಯೇ ಎಂಬಂತೆ, “ನಾನು ಹೋದ್ರೆ ನೀನು ಇಳಿಯೋದು ಹೆಂಗೆ?” ಎಂದಳು. ಓಬಕ್ಕನ ಕಣ್ಣಲ್ಲಿ ನೀರು ಬಂತು. ನೀರು ತುಂಬಿದ ಆ ಕಣ್ಣಲ್ಲೇ ತಿರುಗಿದಳು. ಚಂದ್ರನನ್ನು ಕಂಡ ಮೇಲೆ ಅವಳು ಮೊದಲು ನೋಡಿದ್ದು ಮುದ್ದಿಯ ಮುಖವನ್ನೇ. ಅಷ್ಟೆಲ್ಲ ಅನಾಹುತ ಮಾಡಿ ಬೇಡಿದ್ದನ್ನು ಪಡೆದಳು, ಪಡೆದದ್ದಕ್ಕೆ ನಾಚಿದಳು. ಮುದ್ದಿಗೆ ಮಾತ್ರ ಆ ವರ್ಷ ಚಂದ್ರನೇ ಇಲ್ಲ.

ಮನೆಯಲ್ಲಿ ಚಿತ್ತಯ್ಯ, ಕುಂಟುವವಳು ಇನ್ನೂ ದಾರಿಯಲ್ಲಿರಬೇಕು ಎಂದುಕೊಂಡು, ತಲೆಯ ವಸ್ತ್ರ ತೆಗೆಯದೆ ಜಗಲಿಯಲ್ಲಿ ಕುಳಿತಿದ್ದ. ಹೆಂಡತಿಯ ದನಿ ಕೇಳಿ ಮುಖವೆತ್ತಿದವನು, “ಕಾಲು ಹೆಂಗೈತೆ?” ಎಂದ. ಮುದ್ದಿ ಒಮ್ಮೆ ಓಬಕ್ಕನ ಕಡೆ ನೋಡಿದಳು. ಮರುಕ್ಷಣವೇ “ಅಯ್ಯಮ್ಮಾ” ಎಂದು ಕುಂಟತೊಡಗಿದಳು. ಓಬಕ್ಕನ ಮದುವೆಯ ಚಪ್ಪರ ಏಳುವವರೆಗೂ ಕುಂಟಿದಳಂತೆ. ಏನೂ ಆಗದ ಆ ಕಾಲಿಗೆ ದಿನವೂ ಹರಳೆಣ್ಣೆ ತಿಕ್ಕಿದವಳು ಓಬಕ್ಕ. ಅಲ್ಲಿಗೆ ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾದೀತು. ಗಂಡನ ಮನೆಯಿಂದ ಪ್ರತಿ ಯುಗಾದಿಗೂ ಬಂದು, ಗುಂಡಿನ ಬುಡದಲ್ಲಿ ನಿಂತು, “ಅಣ್ಣ ಕೇಳ್ದಾಗ ಅವತ್ತು ಏನಂದಿದ್ದೆ, ಹೇಳೇ,” ಎಂದು ಪೀಡಿಸುತ್ತಿದ್ದಳು. ಮುದ್ದಿ ನಗುತ್ತ, “ಕೇಳೋವಾಗ ಕೇಳ್ಲಿಲ್ವಲ್ಲ,” ಎಂದು ಹೆಗಲು ಕೊಡುತ್ತಿದ್ದಳು. ಇಬ್ಬರಿಗೂ ಮೊಮ್ಮಕ್ಕಳಾಗಿ, ಬಳಸುದಾರಿಗೆ ಹೊರಳುವ ಕಾಲ ಬಂದರೂ ಆ ಮಾತನ್ನು ಅವಳು ಬಿಟ್ಟುಕೊಡಲಿಲ್ಲ. ಗೆಳತಿಯನ್ನು ವರ್ಷ ವರ್ಷವೂ ತವರಿಗೆ ಬರಮಾಡಿಕೊಳ್ಳಲು ಅವಳಿಗೆ ಅದಕ್ಕಿಂತ ಒಳ್ಳೆಯ ಉಪಾಯ ಬೇಕಿರಲಿಲ್ಲ ಎನ್ನುತ್ತಾರೆ ಊರಿನ ಹೆಂಗಸರು.

ಇಂದಿಗೂ ಆ ಗುಂಡಿನ ಬುಡದಲ್ಲಿ ಹೆಗಲೆತ್ತರಕ್ಕೆ ಒಂದು ತಗ್ಗು ಕಾಣುತ್ತದೆ. ಮುದ್ದಕ್ಕ ಹೊತ್ತು ಮುಳುಗುವವರೆಗೂ ಒರಗಿ ನಿಂತದ್ದರಿಂದ ಕಲ್ಲು ತಗ್ಗಿತು, ಮೊಂಡುಬೆಟ್ಟ ಹೆಗಲುಗುಂಡು ಆದದ್ದೂ ಅದರಿಂದಲೇ ಎಂಬುದು ಊರಿನವರ ಮಾತು. ಕಲ್ಲು ತಗ್ಗುವುದುಂಟೇ ಎಂದು ನಗುವವರೂ ಅದನ್ನು ಸವರದೆ ಮುಂದೆ ಹೋಗುವುದಿಲ್ಲ. ಸವರಿ ಸವರಿ ಅದು ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಬರುವವರ ಅನುಕೂಲಕ್ಕೆ ಕಬ್ಬಿಣದ ಏಣಿ ನೆಡಿಸುವ ಮಾತು ಒಮ್ಮೆ ಬಂದಿತ್ತು. ಊರಿನ ಹೆಂಗಸರು ಒಪ್ಪಲಿಲ್ಲ. ಏಣಿಯಿದ್ದರೆ ಒಬ್ಬೊಬ್ಬರೇ ಹತ್ತಿಬಿಡುತ್ತಾರೆ ಎಂಬುದು ಅವರ ತಕರಾರು. ಹಾಗಾಗಿ ಭಾನುವಾರಗಳಲ್ಲಿ ಅಲ್ಲಿ ಗುರುತಿಲ್ಲದವರೂ ಒಬ್ಬರನ್ನೊಬ್ಬರು ಹೆಗಲು ಕೇಳುತ್ತಾರೆ. ದಾರಿಯುದ್ದಕ್ಕೂ ಮುನಿಸಿಕೊಂಡು ಬಂದ ಗಂಡ ಹೆಂಡಿರು, ಫೋಟೋದಲ್ಲಿ ತನ್ನನ್ನು ಬಿಟ್ಟರೆಂದು ಸಿಡುಕಿದ ಗೆಳತಿ, ತಮ್ಮನನ್ನೇ ಎತ್ತಿಕೊಂಡರೆಂದು ಅಳುವ ಅಕ್ಕ, ಎಲ್ಲರೂ ಅಲ್ಲಿ ನಿಲ್ಲಲೇಬೇಕು. ಮೊದಲು ಏರಿದವರು ಜಗಲಿಕಲ್ಲಿನ ಮೇಲೆ ಮಂಡಿಯೂರಿ ಕೆಳಕ್ಕೆ ಬಗ್ಗುತ್ತಾರೆ, “ಇದ್ದೀಯಾ?” ಎಂದು ಕೂಗುತ್ತಾರೆ, ಕೆಳಗಿನಿಂದ ಉತ್ತರ ಬರುವ ತನಕ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ.